ಊಟ ಬಿಟ್ಟ ಮಗಳ ಆರೈಕೆ: ಮೊದಲು ನೋಡಬೇಕಾದದ್ದು ಏನು?

ಯೇಸುಸ್ವಾಮಿ ಯಾಯೀರನ ಮಗಳನ್ನು ಎಬ್ಬಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಹನ್ನೆರಡು ವರ್ಷದ ಹುಡುಗಿ, ಮನೆಯ ತುಂಬ ಗೋಳಾಟ. ಪ್ರಭು ಅವಳ ಕೈ ಹಿಡಿದು ಎಬ್ಬಿಸುತ್ತಾರೆ, ಅವಳು ಎದ್ದು ಓಡಾಡುತ್ತಾಳೆ. ಎಲ್ಲರೂ ಬೆರಗಾಗಿ ನಿಂತಿರುವಾಗ ಪ್ರಭುವಿಗೆ ನೆನಪಾದದ್ದು ಅವಳ ಹೊಟ್ಟೆ. ಅವಳಿಗೆ ತಿನ್ನಲು ಕೊಡಬೇಕೆಂದು ಮನೆಯವರಿಗೆ ತಿಳಿಸುತ್ತಾರೆ. ಸಂತ ಮಾರ್ಕ ಮತ್ತು ಸಂತ ಲೂಕ ಇಬ್ಬರೂ ಇದನ್ನು ಮರೆಯದೆ ಬರೆದಿದ್ದಾರೆ. ಪ್ರಬೋಧನೆ ಕೇಳುವಾಗ ನಾವು ಇದನ್ನು ಸಣ್ಣ ಸಂಗತಿಯೆಂದು ದಾಟಿಬಿಡುತ್ತೇವೆ. ರೋಗಿಯ ಪಕ್ಕದಲ್ಲಿ ಕುಳಿತು ಅಭ್ಯಾಸವಿರುವ ದಾದಿಯರು ದಾಟುವುದಿಲ್ಲ.

ಆದರೆ ತಟ್ಟೆ ಮುಂದಿಟ್ಟರೂ ಹುಡುಗಿ ಒಲ್ಲೆ ಎಂದರೆ?

ಒಂದು ಮನೆಯನ್ನು ಊಹಿಸಿಕೊಳ್ಳಿ. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ಚೌಡಾಪುರ. ದೇವಲ ಗಾಣಗಾಪುರಕ್ಕೆ ಹೋಗುವವರು ತಿರುಗುವ ಊರು. ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುವ ಹದಿನೇಳರ ಮಗಳು ರಜೆಗೆ ಮನೆಗೆ ಬಂದಿದ್ದಾಳೆ. ತಾಯಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಬಡಿಸುತ್ತಾಳೆ. ಮಗಳು ರೊಟ್ಟಿಯನ್ನು ಉಗುರಿನಷ್ಟು ಉಗುರಿನಷ್ಟು ಮುರಿದು ತಟ್ಟೆಯ ತುಂಬ ಹರಡುತ್ತಾಳೆ. "ಒಲ್ಲೆ ಯವ್ವಾ, ಹೊಟ್ಟಿ ತುಂಬ್ಯಾದ" ಎನ್ನುತ್ತಾಳೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಎಲ್ಲರೂ ಬೆವರಿ ಬಸಿಯುತ್ತಿದ್ದರೆ ಅವಳು ಸ್ವೆಟರ್ ಹಾಕಿಕೊಂಡಿದ್ದಾಳೆ. ಸಂಜೆ ಮಾಳಿಗೆಯ ಮೇಲೆ ಗಂಟೆಗಟ್ಟಲೆ ತಿರುಗಾಡುತ್ತಾಳೆ. ತಪಸ್ಸುಕಾಲದಲ್ಲಿ ಶುರುವಾದ ಉಪವಾಸ, ಪಾಸ್ಕಹಬ್ಬ ಮುಗಿದರೂ ಮುಗಿದಿಲ್ಲ. ಮೊದಮೊದಲು ಮನೆಯವರಿಗೆ ಹೆಮ್ಮೆ, ಹುಡುಗಿಗೆ ಎಂಥ ಭಕ್ತಿ ಎಂದು. ಕೂದಲು ಹಿಡಿಹಿಡಿಯಾಗಿ ಉದುರತೊಡಗಿದಾಗ, ಮೂರು ತಿಂಗಳಿಂದ ಮುಟ್ಟು ನಿಂತಿದೆ ಎಂದು ಅಜ್ಜಿಗೆ ತಿಳಿದಾಗ ಹೆದರಿಕೆ. ಜಂತುಹುಳದ ಮಾತ್ರೆ ಆಯಿತು, ಹಸಿವಿನ ಟಾನಿಕ್ ಆಯಿತು. ಮುಂದೇನು?

ಈ ಕಾಯಿಲೆಗೆ ಹೆಸರಿದೆ. 1873ರಲ್ಲಿ ಪ್ಯಾರಿಸಿನ ವೈದ್ಯ ಲಾಸೆಗ್ ಇದನ್ನು ವಿವರಿಸಿದರು. ಅದೇ ಕಾಲದಲ್ಲಿ ಲಂಡನ್ನಿನ ಸರ್ ವಿಲಿಯಂ ಗಲ್ ಅನೊರೆಕ್ಸಿಯಾ ನರ್ವೋಸಾ ಎಂದು ಕರೆದರು. ಹಸಿವಿಲ್ಲ ಎಂಬ ಅರ್ಥದ ಹೆಸರು ಅದು. ಒಪ್ಪುವ ಹೆಸರಲ್ಲ, ಏಕೆಂದರೆ ಬಹಳ ಸಲ ಹಸಿವು ಇದ್ದೇ ಇರುತ್ತದೆ, ಅದನ್ನು ಒತ್ತಿಹಿಡಿದಿರುತ್ತಾರೆ. ಇದರ ತಂಗಿಯಂತಿರುವ ಇನ್ನೊಂದು ಕಾಯಿಲೆ ಬುಲಿಮಿಯಾ. ಹಿಡಿತ ತಪ್ಪಿ ಒಮ್ಮೆಲೇ ಬಹಳ ತಿನ್ನುವುದು, ಆಮೇಲೆ ಯಾರಿಗೂ ತಿಳಿಯದಂತೆ ವಾಂತಿ ಮಾಡುವುದು ಅಥವಾ ಭೇದಿ ಮಾತ್ರೆ ನುಂಗುವುದು. 1979ರಲ್ಲಿ ಜೆರಾಲ್ಡ್ ರಸೆಲ್ ಎಂಬ ಮನೋವೈದ್ಯರು ಇದನ್ನು ಬೇರೆಯಾಗಿ ಗುರುತಿಸಿದರು. ಗಂಡುಹುಡುಗರಿಗೂ ಇವು ಬರುತ್ತವೆ. ಅವರ ವಿಷಯದಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಇದು ದೊಡ್ಡ ಊರಿನ, ಸಿರಿವಂತರ ಕಾಯಿಲೆ ಎಂದು ಬಹಳ ಜನ ತಿಳಿದಿದ್ದಾರೆ. ಬೆಂಗಳೂರಿನ ಮನೋವೈದ್ಯರನ್ನು ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು ವಿಚಾರಿಸಿದಾಗ ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ರೋಗಿಯನ್ನು ಒಬ್ಬರನ್ನಾದರೂ ಕಂಡಿದ್ದರು. ಆ ವರದಿ ಪ್ರಕಟವಾದದ್ದು 2012ರಲ್ಲಿ. ಅದಕ್ಕೂ ಮೊದಲು, 1995ರಲ್ಲಿ, ದೆಹಲಿಯ ವೈದ್ಯರು ಐವರು ಯುವತಿಯರ ಬಗ್ಗೆ ಬರೆದ ಲೇಖನ ನಮ್ಮ ಕಡೆಯವರಿಗೆ ಇನ್ನೂ ಉಪಯುಕ್ತ. ಆ ಹುಡುಗಿಯರು ಊಟ ಬಿಟ್ಟಿದ್ದರು, ಸೊರಗಿದ್ದರು, ಮುಟ್ಟು ನಿಂತಿತ್ತು. ಆದರೆ ಪಾಶ್ಚಾತ್ಯರ ಪುಸ್ತಕಗಳು ಹೇಳುವ ಮುಖ್ಯ ಲಕ್ಷಣ, ಅಂದರೆ ದಪ್ಪಗಾಗುವ ಭಯ, ಅವರಲ್ಲಿ ಕಾಣಲಿಲ್ಲ. ನಮ್ಮ ಹುಡುಗಿಯೂ "ನಾನು ದಪ್ಪ ಇದ್ದೀನಿ" ಎನ್ನದೆ ಇರಬಹುದು. ಹೊಟ್ಟೆ ಉಬ್ಬರಿಸುತ್ತದೆ, ಗಂಟಲಲ್ಲಿ ಇಳಿಯುವುದಿಲ್ಲ, ಸೇರುವುದಿಲ್ಲ ಎನ್ನಬಹುದು. ಆ ಮಾತನ್ನೇ ನಂಬಿ ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರೆ ತಿಂಗಳುಗಳು ಕಳೆದುಹೋಗುತ್ತವೆ. ಹಾಗೆಂದು ಸೊರಗಿದವರೆಲ್ಲರಿಗೂ ಇದೇ ಕಾಯಿಲೆ ಎಂದೂ ಅಲ್ಲ. ಕ್ಷಯ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕರುಳಿನ ರೋಗ ಇಲ್ಲವೆಂದು ವೈದ್ಯರು ಪರೀಕ್ಷೆ ಮಾಡಿ ಖಚಿತಪಡಿಸಬೇಕು. ನಮ್ಮ ಭಾಗದಲ್ಲಿ ಕ್ಷಯವನ್ನಂತೂ ಮರೆಯುವ ಹಾಗಿಲ್ಲ.

ಮೊದಲು ಜೀವ, ಆಮೇಲೆ ಮಿಕ್ಕದ್ದು

ಮನಸ್ಸಿನ ಕಾಯಿಲೆ ಎಂದೊಡನೆ ಬುದ್ಧಿ ಹೇಳಲು ಹತ್ತು ಜನ ಬರುತ್ತಾರೆ. ಆದರೆ ಶುಶ್ರೂಷೆಯ ಕ್ರಮದಲ್ಲಿ ಬುದ್ಧಿಮಾತಿಗೆ ಮೊದಲ ಸ್ಥಾನವಿಲ್ಲ. ಮನಸ್ಸಿನ ಕಾಯಿಲೆಗಳ ಪೈಕಿ ಅತಿ ಹೆಚ್ಚು ಸಾವು ತರುವವುಗಳಲ್ಲಿ ಅನೊರೆಕ್ಸಿಯಾ ಒಂದು. ಆ ಸಾವು ಬರುವುದು ಹೆಚ್ಚಾಗಿ ಹೃದಯದ ಕಡೆಯಿಂದ, ಕೆಲವರಲ್ಲಿ ಆತ್ಮಹತ್ಯೆಯಿಂದ. ಆದ್ದರಿಂದ ದಾದಿ ಮೊದಲು ಹಿಡಿಯುವುದು ಮಣಿಕಟ್ಟನ್ನು.

ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಊಟ ಕಾಣದ ದೇಹ ಎಣ್ಣೆ ತೀರಿದ ದೀಪದಂತೆ ಎಲ್ಲವನ್ನೂ ಇಳಿಸಿಕೊಳ್ಳುತ್ತದೆ. ನಾಡಿ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಬಿಸಿಲಿನಲ್ಲಿ ಸ್ವೆಟರ್ ಹಾಕಿದ್ದು ಅದಕ್ಕೇ. ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ ಇದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. 40ಕ್ಕಿಂತ ಕೆಳಗಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುತ್ತಿದ್ದರೆ, ಎದೆ ತಪ್ಪಿ ಬಡಿಯುತ್ತಿದ್ದರೆ, ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಫೋನ್ ಮಾಡಿ. ವಾರಕ್ಕೆ ಒಂದು ಕಿಲೋದಂತೆ ಎರಡು ವಾರ ಸತತವಾಗಿ ತೂಕ ಇಳಿದಿದ್ದರೂ ಅದು ಅಪಾಯದ ಗುರುತೇ.

ಇನ್ನೊಂದು ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಕುಕ್ಕರುಗಾಲಿನಲ್ಲಿ ಕುಳಿತವಳು ಕೈ ಊರದೆ ಏಳಬಲ್ಲಳೇ? ನೆಲದಲ್ಲಿ ಕುಳಿತು ಎದ್ದೇ ಬೆಳೆದ ಹುಡುಗಿ ಗೋಡೆ ಹಿಡಿದು, ತೊಡೆಗೆ ಕೈ ಕೊಟ್ಟು ಏಳುತ್ತಿದ್ದಾಳೆಂದರೆ ಅವಳ ಮಾಂಸಖಂಡಗಳು ಕರಗಿವೆ. ಬ್ರಿಟನ್ನಿನ ಮನೋವೈದ್ಯರ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲೂ ಈ ಪರೀಕ್ಷೆಗೆ ಸ್ಥಾನವಿದೆ. ನಮ್ಮ ತಾಯಂದಿರು ಇದನ್ನು ಬಚ್ಚಲಿನ ಬಾಗಿಲಲ್ಲೇ ಗಮನಿಸಬಲ್ಲರು.

ವಾಂತಿ ಮಾಡಿಕೊಳ್ಳುವವರ ವಿಷಯ ಇನ್ನೂ ಸೂಕ್ಷ್ಮ. ಅವರ ತೂಕ ಸರಿಯಾಗಿಯೇ ಇರಬಹುದು. ಆದರೆ ವಾಂತಿ, ಭೇದಿಗಳಿಂದ ರಕ್ತದಲ್ಲಿ ಪೊಟ್ಯಾಶಿಯಂ ಇಳಿಯುತ್ತದೆ; ಅದು ಬಹಳ ಇಳಿದರೆ ಹೃದಯ ಮುನ್ಸೂಚನೆ ಇಲ್ಲದೆ ನಿಲ್ಲಬಹುದು. ಬೆರಳಿನ ಗೆಣ್ಣುಗಳ ಮೇಲೆ ಹಲ್ಲು ತಾಗಿದ ಗಾಯದ ಕಲೆ, ಕಿವಿಯ ಕೆಳಗೆ ಊದಿದ ಕೆನ್ನೆ, ಸವೆದ ಹಲ್ಲು ಇವು ಕಂಡರೆ ರಕ್ತಪರೀಕ್ಷೆ ಮತ್ತು ಇಸಿಜಿ ಮಾಡಿಸಲೇಬೇಕು. ವಾಂತಿಯಾದ ಕೂಡಲೇ ಹಲ್ಲುಜ್ಜಿದರೆ ಹಲ್ಲು ಇನ್ನಷ್ಟು ಸವೆಯುತ್ತದೆ. ನೀರಿನಿಂದ ಬಾಯಿ ಮುಕ್ಕಳಿಸಿದರೆ ಸಾಕು.

ಸಲಾಯಿನ್ ಹಚ್ಚಿಸುವ ಅವಸರ

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಬಹುದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಊಟ ತುಂಬುವುದೂ ಕೊಲ್ಲಬಲ್ಲದು. ಎರಡನೆಯ ಮಹಾಯುದ್ಧ ಮುಗಿದಾಗ ಸೆರೆಶಿಬಿರಗಳಿಂದ ಬಿಡುಗಡೆಯಾದ ಹಸಿದ ಜನರಿಗೆ ಸೈನಿಕರು ಕನಿಕರದಿಂದ ತಮ್ಮಲ್ಲಿದ್ದ ಊಟವನ್ನೇ ಕೊಟ್ಟರು. ಉಂಡವರಲ್ಲಿ ಕೆಲವರು ಸತ್ತರು. ಕಾರಣ ಆಮೇಲೆ ಸ್ಪಷ್ಟವಾಯಿತು. ಅನ್ನ, ಸಕ್ಕರೆ ಒಳಗೆ ಹೋದ ಕೂಡಲೇ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಅಳಿದುಳಿದ ಫಾಸ್ಫೇಟ್, ಪೊಟ್ಯಾಶಿಯಂ, ಮೆಗ್ನೀಶಿಯಂಗಳನ್ನು ಜೀವಕೋಶಗಳು ಒಳಕ್ಕೆ ಎಳೆದುಕೊಳ್ಳುತ್ತವೆ. ರಕ್ತ ಬರಿದಾಗಿ ಹೃದಯ, ಉಸಿರು, ಮೆದುಳು ಸೋಲುತ್ತವೆ. ಮತ್ತೆ ಊಟ ಶುರುವಾದ ಮೊದಲ ಕೆಲವು ದಿನಗಳಲ್ಲಿ ಈ ಅಪಾಯ ಹೆಚ್ಚು.

ನಮ್ಮಲ್ಲಿ ಹುಡುಗಿ ನಿತ್ರಾಣವಾದರೆ "ಒಂದು ಬಾಟಲಿ ಸಲಾಯಿನ್ ಹಚ್ಚಿರಿ ಡಾಕ್ಟ್ರೇ" ಎಂದು ಕೇಳುವ ರೂಢಿ. ಎಷ್ಟು ದಿನದಿಂದ ಉಂಡಿಲ್ಲ ಎಂಬುದನ್ನು ಹೇಳದೆ ಹಾಗೆ ಕೇಳಬೇಡಿ. ಬಹಳ ಸೊರಗಿದವರಿಗೆ ಗ್ಲುಕೋಸ್ ಏರಿಸುವ ಮೊದಲು ಥಯಾಮಿನ್, ಅಂದರೆ ಬಿ-1 ಜೀವಸತ್ವ, ಕೊಡಬೇಕು. ಇಲ್ಲದಿದ್ದರೆ ಮೆದುಳಿಗೆ ಹಾನಿಯಾಗಬಹುದು. ಇಂಥವರ ಮೊದಲ ದಿನಗಳ ಊಟ ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿ ದಿನವೂ ರಕ್ತಪರೀಕ್ಷೆ ಮಾಡುತ್ತಾ ಊಟವನ್ನು ಹಂತಹಂತವಾಗಿ ಏರಿಸುತ್ತಾರೆ. ಕಾಲಲ್ಲಿ ಬಾವು, ಗೊಂದಲದ ಮಾತು, ಏರಿದ ಉಸಿರು ಕಂಡರೆ ದಾದಿ ಕೂಡಲೇ ವೈದ್ಯರಿಗೆ ತಿಳಿಸುತ್ತಾಳೆ. ದೀರ್ಘ ಉಪವಾಸ ಬಿಡುವಾಗ ಮೊದಲು ತೆಳು ಗಂಜಿ, ಅಂಬಲಿ ಕುಡಿಸುತ್ತಿದ್ದ ಹಿರಿಯರ ಜಾಣತನ ಸರಿಯಾದ ದಿಕ್ಕಿನದೇ. ಆದರೆ ಎಲುಬು ಕಾಣುವ ಹಂತಕ್ಕೆ ಬಂದವಳಿಗೆ ಮನೆಯ ಗಂಜಿಯೊಂದೇ ಸಾಲದು.

ತಟ್ಟೆಯ ಪಕ್ಕದಲ್ಲಿ ಕೂರುವುದು

ಜೀವದ ಅಪಾಯ ಕಳೆದ ಮೇಲೆ ಔಷಧಿ ಎಂದರೆ ಊಟವೇ. ಬುಲಿಮಿಯಾಕ್ಕೆ ಫ್ಲುಯೊಕ್ಸೆಟಿನ್ ಎಂಬ ಮಾತ್ರೆಯಿಂದ ಸಹಾಯವಾಗುತ್ತದೆ. ಅನೊರೆಕ್ಸಿಯಾವನ್ನು ವಾಸಿಮಾಡುವ ಮಾತ್ರೆ ಇಲ್ಲ. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ಸಣ್ಣ ತಿಂಡಿ, ನಿಗದಿಯಾದ ಹೊತ್ತಿಗೆ. ಎಷ್ಟು ಎಂಬುದನ್ನು ವೈದ್ಯರು, ಆಹಾರತಜ್ಞರು ನಿಗದಿ ಮಾಡುತ್ತಾರೆ. ತಟ್ಟೆಯ ಮುಂದೆ ಚೌಕಾಸಿ ಇಲ್ಲ. ಊಟಕ್ಕೆ ಅರ್ಧ ಗಂಟೆ, ತಿಂಡಿಗೆ ಕಾಲು ಗಂಟೆ. ಆ ಹೊತ್ತು ಯಾರಾದರೊಬ್ಬರು ಪಕ್ಕದಲ್ಲಿ ಕುಳಿತು ತಾವೂ ಉಣ್ಣಬೇಕು. ಮಳೆ, ತೊಗರಿಯ ಧಾರಣೆ, ಅತ್ತೆಯ ಮನೆಯ ಮದುವೆ, ಯಾವ ಮಾತಾದರೂ ಆದೀತು, ಊಟದ ಮತ್ತು ಮೈಯ ಮಾತು ಬೇಡ. ಊಟವಾದ ಮೇಲೆ ಒಂದು ಗಂಟೆ ಅವಳನ್ನು ಒಬ್ಬಳನ್ನೇ ಬಿಡಬಾರದು. ಬಚ್ಚಲಿಗೆ ಹೋಗಿ ವಾಂತಿ ಮಾಡುವ ಒತ್ತಡ ಆಗಲೇ ಬರುವುದು. ಪೊಲೀಸರ ಹಾಗೆ ಕಾಯುವುದಲ್ಲ, ಚೌಕಾಬಾರ ಆಡಬಹುದು, ಹೂ ಕಟ್ಟಬಹುದು.

ಪ್ರವಾದಿ ಎಲೀಯ ಸಾಯಬೇಕೆಂದು ಬಯಸಿ ಮರುಭೂಮಿಯ ಗಿಡದಡಿ ಮಲಗಿದಾಗ ದೇವದೂತ ಬಂದು ಮಾಡಿದ್ದೇನು ನೋಡಿ. ಉಪದೇಶ ಮಾಡಲಿಲ್ಲ. ಮುಟ್ಟಿ ಎಬ್ಬಿಸಿದ, ರೊಟ್ಟಿ ಮತ್ತು ನೀರು ತೋರಿಸಿದ. ಎಲೀಯ ಉಂಡು ಮತ್ತೆ ಮಲಗಿದ. ದೂತ ಬೇಸರಿಸದೆ ಎರಡನೆಯ ಸಲ ಬಂದು ಮತ್ತೆ ಉಣಿಸಿದ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯವನ್ನು ನರ್ಸಿಂಗ್ ಶಾಲೆಗಳಲ್ಲಿ ಓದಿಸಬಹುದು ಎಂದು ನನಗೆ ಅನಿಸುತ್ತದೆ.

ತೂಕ ನೋಡುವುದಕ್ಕೂ ಒಂದು ಶಿಸ್ತು ಇದೆ. ಅದೇ ತಕ್ಕಡಿ, ಬೆಳಗಿನ ಹೊತ್ತು, ಮೂತ್ರವಾದ ಮೇಲೆ, ತೆಳುಬಟ್ಟೆಯಲ್ಲಿ. ತೂಕ ಕಾಣಿಸಲೆಂದು ಮೊದಲೇ ಒಂದು ತಂಬಿಗೆ ನೀರು ಕುಡಿದು ಬರುವುದು, ಬಟ್ಟೆಯೊಳಗೆ ಏನಾದರೂ ಇಟ್ಟುಕೊಳ್ಳುವುದು ನಡೆಯುತ್ತದೆ. ಅದಕ್ಕಾಗಿ ಸುಳ್ಳುಗಾರ್ತಿ ಎಂದು ಬಯ್ಯಬೇಡಿ. ಹೆದರಿಕೆ ಅವಳಿಂದ ಹಾಗೆ ಮಾಡಿಸುತ್ತದೆ. ತೂಕ ಏರಿದಾಗ "ಈಗ ನೋಡು, ಎಷ್ಟು ತುಂಬಿಕೊಂಡಿದ್ದಿ" ಎಂದು ಹೊಗಳುವುದು ಇನ್ನೂ ಕೆಟ್ಟದ್ದು. ಆ ಒಂದು ಮಾತಿಗೆ ಅವಳು ಮರುದಿನ ಊಟ ಬಿಟ್ಟಾಳು. "ಇವತ್ತು ಉಣ್ಣೋದು ಭಾಳ ಕಷ್ಟ ಆಯ್ತಲ್ಲ, ಆದ್ರೂ ಉಂಡಿ" ಎಂದರೆ ಸಾಕು.

ಅವಳ ಸಿಟ್ಟು, ಮೌನ, ಹಟ ಇವುಗಳಲ್ಲಿ ಎಷ್ಟೋ ಪಾಲು ಹಸಿವಿನದೇ. ಅಮೆರಿಕದ ಮಿನೆಸೋಟಾದಲ್ಲಿ 1944 ಮತ್ತು 1945ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರ ಮೇಲೆ ಪ್ರಯೋಗ ನಡೆಸಿದರು. ಅವರು ಮನಸ್ಸಾಕ್ಷಿಯ ಕಾರಣಕ್ಕೆ ಯುದ್ಧಕ್ಕೆ ಹೋಗಲು ಒಲ್ಲದವರು, ಹಸಿದವರಿಗೆ ಉಪಯೋಗವಾಗಲೆಂದು ತಾವೇ ಮುಂದೆ ಬಂದವರು. ಆರು ತಿಂಗಳು ಅರೆಹೊಟ್ಟೆ ಊಟದಿಂದ ತೂಕದ ಕಾಲುಭಾಗ ಇಳಿಯಿತು. ಮೊದಲು ನಗುನಗುತ್ತಿದ್ದವರು ಸಿಡುಕರಾದರು, ಸ್ನೇಹ ಬಿಟ್ಟರು, ಕನಸಿನಲ್ಲೂ ಊಟವನ್ನೇ ಕಂಡರು, ಅಡುಗೆ ಪುಸ್ತಕ ಓದುತ್ತಾ ಕುಳಿತರು, ತಟ್ಟೆಯಲ್ಲಿದ್ದುದನ್ನು ಚೂರುಚೂರು ಮಾಡಿ ಗಂಟೆಗಟ್ಟಲೆ ತಿಂದರು. ಅವರಿಗೆ ಮೊದಲು ಯಾವ ಮನೋರೋಗವೂ ಇರಲಿಲ್ಲ. ಹೊಟ್ಟೆ ತುಂಬಿದ ಮೇಲೂ ಮನಸ್ಸು ತಿಳಿಯಾಗಲು ತಿಂಗಳುಗಳು ಹಿಡಿದವು. ಆದ್ದರಿಂದ ಸೊರಗಿದ ಹುಡುಗಿಯೊಡನೆ ವಾದಕ್ಕೆ ಇಳಿಯುವುದು ವ್ಯರ್ಥ. ಆದರೆ ಸಾಯುವ ಮಾತು ಬಂದರೆ ಅದನ್ನು ಹಟವೆಂದು ತಳ್ಳಿಹಾಕಬಾರದು. ನೇರವಾಗಿ ಕೇಳಬೇಕು, ಒಬ್ಬಳನ್ನೇ ಬಿಡಬಾರದು, ವೈದ್ಯರಿಗೆ ತಿಳಿಸಬೇಕು.

ಉಪವಾಸ ಯಾರಿಗೆ, ಯಾರಿಗಲ್ಲ

ನಮ್ಮ ಮನೆಗಳಲ್ಲಿ ಈ ಕಾಯಿಲೆ ಭಕ್ತಿಯ ಬಟ್ಟೆ ತೊಟ್ಟು ಬರಬಹುದು. ಧರ್ಮಸಭೆಯ ನಿಯಮ ಏನೆಂಬುದು ತಿಳಿದಿರಲಿ. ಉಪವಾಸದ ಕಟ್ಟಳೆ ಇರುವುದು 18 ತುಂಬಿದವರಿಂದ 59 ತುಂಬುವವರೆಗೆ, ಅದೂ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ. ಮಾಂಸತ್ಯಾಗ 14 ತುಂಬಿದವರಿಗೆ. ನಾವು ಊಹಿಸಿಕೊಂಡ ಹದಿನೇಳರ ಹುಡುಗಿಗೆ ಉಪವಾಸದ ಕಟ್ಟಳೆ ಇಲ್ಲವೇ ಇಲ್ಲ. ಕಾಯಿಲೆಯವರಿಗಂತೂ ಯಾವ ವಯಸ್ಸಿನಲ್ಲೂ ಇಲ್ಲ. ಈ ಮಾತನ್ನು ತಾಯಿ ಹೇಳುವುದಕ್ಕಿಂತ ಧರ್ಮಕೇಂದ್ರದ ಗುರುಗಳು ಹೇಳಿದರೆ ಅವಳ ಮನಸ್ಸಿಗೆ ತಾಗೀತು. ಅವಳ ಪಾಲಿಗೆ ತಪಸ್ಸು ಎಂದರೆ ಆ ಅರ್ಧ ಗಂಟೆಯ ಊಟವೇ ಎಂದು ಅವರು ತಿಳಿಸಿಹೇಳಬಹುದು.

ಸಿಯೆನಾದ ಸಂತ ಕ್ಯಾಥರೀನಳು ಊಟವಿಲ್ಲದೆ ಬದುಕಿದಳಲ್ಲ ಎಂದು ಕೇಳುವವರಿದ್ದಾರೆ. 1970ರಲ್ಲಿ ಸಂತ ಆರನೆಯ ಪೌಲ ಜಗದ್ಗುರುಗಳು ಆಕೆಯನ್ನು ಧರ್ಮಸಭೆಯ ಪಂಡಿತೆ ಎಂದು ಘೋಷಿಸಿದ್ದು ಆಕೆಯ ಜ್ಞಾನಕ್ಕಾಗಿ, ಹಸಿವಿಗಾಗಿ ಅಲ್ಲ. ಊಟ ಮಾಡಲಾಗದ್ದನ್ನು ಆಕೆ ತನ್ನ ಪತ್ರವೊಂದರಲ್ಲಿ ದೌರ್ಬಲ್ಯವೆಂದೇ ಹೇಳಿಕೊಂಡಿದ್ದಾಳೆ, ಎಲ್ಲರಂತೆ ಉಣ್ಣುವಂತಾಗಲೆಂದು ಬೇಡಿಕೊಂಡಿದ್ದಾಳೆ. 1380ರಲ್ಲಿ ಆಕೆ ತೀರಿಕೊಂಡಾಗ ವಯಸ್ಸು 33.

ಮನಸ್ಸಿನ ತೊಂದರೆ ಇರುವವರನ್ನು ದೂರದೂರದಿಂದ ಗಾಣಗಾಪುರಕ್ಕೆ ಕರೆತರುವುದನ್ನು ಚೌಡಾಪುರದ ದಾರಿಯಲ್ಲಿ ಓಡಾಡುವವರೆಲ್ಲ ಕಂಡಿದ್ದಾರೆ. ನಮ್ಮವರು ಧ್ಯಾನಕೇಂದ್ರಗಳಿಗೆ ಕರೆದೊಯ್ಯುತ್ತಾರೆ. ಪ್ರಾರ್ಥನೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ನಾಡಿ 40ಕ್ಕಿಳಿದವಳನ್ನು ಉಪವಾಸ ಪ್ರಾರ್ಥನೆಗೆ ಕೂರಿಸುವುದು ತಪ್ಪು, ಅದನ್ನು ಯಾರೇ ಮಾಡಲಿ.

ಮನೆಯವರ ಬಗ್ಗೆ ಎರಡು ಮಾತು. ತಾಯಿಯ ತಪ್ಪಿನಿಂದ ಹೀಗಾಯಿತು ಎನ್ನುವುದು ಹಳೆಯ ಕಾಲದ ವಿಚಾರ. 1987ರಲ್ಲಿ ಲಂಡನ್ನಿನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಚಿಕ್ಕ ವಯಸ್ಸಿನಲ್ಲಿ ಕಾಯಿಲೆ ಶುರುವಾಗಿ ಮೂರು ವರ್ಷ ಮೀರದವರಿಗೆ ತಂದೆತಾಯಿಯನ್ನು ಜೊತೆಗೂಡಿಸಿಕೊಂಡ ಚಿಕಿತ್ಸೆಯೇ ಹೆಚ್ಚು ಫಲ ಕೊಟ್ಟಿತು. ಅಂದರೆ ಮನೆಯವರೇ ಮದ್ದಿನ ಒಂದು ಭಾಗ. ತಂದೆತಾಯಿ ಇಬ್ಬರದೂ ಒಂದೇ ಮಾತಿರಬೇಕು. ತಾಯಿ ಬಡಿಸಿದ್ದನ್ನು ತಂದೆ "ಹೋಗಲಿ ಬಿಡು" ಎಂದು ಎತ್ತಿಸಿದರೆ ಅಂದಿನ ಕೆಲಸ ಕೆಟ್ಟಿತು. "ಹೀಗಿದ್ದರೆ ಯಾರು ಮದುವೆಯಾಗ್ತಾರೆ" ಎನ್ನುವ ಬಂಧುಗಳನ್ನು ಸ್ವಲ್ಪ ದಿನ ದೂರವಿಡುವುದು ಒಳ್ಳೆಯದು. ಕಾಯುವವರೂ ಉಣ್ಣಬೇಕು, ನಿದ್ದೆ ಮಾಡಬೇಕು. ಪರಮಪ್ರಸಾದಕ್ಕೆ ಮೊದಲಿನ ಒಂದು ಗಂಟೆಯ ಉಪವಾಸದ ನಿಯಮ ರೋಗಿಗಳಿಗೆ ಮಾತ್ರವಲ್ಲ, ಅವರ ಆರೈಕೆ ಮಾಡುವವರಿಗೂ ಸಡಿಲವಾಗಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಎಲ್ಲಿಗೆ ಹೋಗುವುದು? ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆ. ಅಲ್ಲಿಂದ ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416ರಲ್ಲಿ ಹಗಲು ರಾತ್ರಿ ಯಾವಾಗಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸರ್ಕಾರಿ ವ್ಯವಸ್ಥೆಯಲ್ಲಿ ಈ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ವೈದ್ಯರ ಮುಂದೆ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ತೂಕ ಎಷ್ಟಿತ್ತು, ಈಗ ಎಷ್ಟಿದೆ, ಯಾವಾಗಿನಿಂದ ಊಟ ಕಡಿಮೆಯಾಯಿತು, ಮುಟ್ಟು ಎಂದು ನಿಂತಿತು, ವಾಂತಿ ಅಥವಾ ಭೇದಿ ಮಾತ್ರೆ ಇದೆಯೇ.

ಚೇತರಿಸಿಕೊಂಡ ಹುಡುಗಿಯನ್ನು ಹಾಸ್ಟೆಲಿಗೆ ಮರಳಿ ಕಳಿಸಲು ಅವಸರ ಬೇಡ, ಒಂದು ಪರೀಕ್ಷೆ ತಪ್ಪಿದರೂ ಸರಿ. ಕಳಿಸುವಾಗ ವಾರ್ಡನ್ ಸಿಸ್ಟರ್‌ಗೆ ವಿಷಯ ತಿಳಿಸಿರಿ. ಯಾವ ಗೆಳತಿಯ ಜೊತೆ ಊಟಕ್ಕೆ ಕೂರುತ್ತಾಳೆ, ವಾರಕ್ಕೊಮ್ಮೆ ಎಲ್ಲಿ ತೂಕ ನೋಡಿಸುತ್ತಾಳೆ, ಎಷ್ಟು ಕಿಲೋ ಇಳಿದರೆ ಮನೆಗೆ ಬರುತ್ತಾಳೆ ಎಂಬುದನ್ನು ಅವಳನ್ನೂ ಕೂರಿಸಿಕೊಂಡೇ ಮೊದಲು ತೀರ್ಮಾನಿಸಿರಿ.